ಹದಿನಾಲ್ಕು ದಾಟಿದ ಮಕ್ಕಳು ಥೀಮ್ ಪಾರ್ಕಿಗೆ ವೇಷ ಹಾಕಿಕೊಂಡು ಹೋಗಬಹುದೇ?

ಬಣ್ಣದಕೊಡೆ

9 ಮತ್ತು 15 ವರ್ಷದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವ ಎಲ್ಲರಿಗೂ ಬರುವ ಪ್ರಶ್ನೆ ಇದು. ಚಿಕ್ಕದಕ್ಕೆ ರೆಕ್ಕೆ, ಕಿರೀಟ, ಗೌನು ಹಾಕಿಸಿದರೆ ನೋಡಿದವರೆಲ್ಲ ಮುದ್ದು ಮಾಡುತ್ತಾರೆ. ದೊಡ್ಡದು ಅದನ್ನೇ ಹಾಕಿಕೊಂಡರೆ? ಗೇಟಿನಲ್ಲೇ ತಡೆಯುತ್ತಾರಾ, ರೈಡಿನ ಹತ್ತಿರ ತಡೆಯುತ್ತಾರಾ, ಇಲ್ಲ ಜನ ಸುಮ್ಮನೆ ದಿಟ್ಟಿಸಿ ನೋಡುತ್ತಾರಾ? ನಿಯಮ ಎಲ್ಲಿಗೆ ಮುಗಿಯುತ್ತದೆ, ನಾವು ತೀರ್ಮಾನ ಮಾಡಬೇಕಾದದ್ದು ಎಲ್ಲಿಂದ ಶುರು ಅನ್ನುವುದನ್ನು ತಿಳಿದವರು ಬಿಡಿಸಿ ಹೇಳಿ. ಹೊಲಿಯಲು ಬರುವವರು ಹೇಗೆ ಹೊಲಿಯಬೇಕು ಅನ್ನುವುದನ್ನೂ ಸೇರಿಸಿ. "ಮಕ್ಕಳ ಸಂತೋಷ ಮುಖ್ಯ" ಎಂಬ ಉತ್ತರಕ್ಕಿಂತ ಅಳತೆ ಸಮೇತ ಉತ್ತರ ಬೇಕು.

ನಿಯಮಪುಸ್ತಕ

ಬರೆದಿಟ್ಟ ನಿಯಮ ಮೊದಲು. ಎಲ್ಲ ಪಾರ್ಕಿಗೂ ಅನ್ವಯಿಸುವ ಒಂದು ಕಾನೂನು ಇಲ್ಲ. ಎಲ್ಲರ ಬಾಯಲ್ಲೂ ಇರುವ ಹದಿನಾಲ್ಕರ ಗೆರೆ ಡಿಸ್ನಿಯ ಅಮೆರಿಕದ ಪಾರ್ಕುಗಳದ್ದು, ಅಂದರೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಮತ್ತು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್. ಅಲ್ಲಿ ಮಾಮೂಲಿ ದಿನಗಳಲ್ಲಿ 14 ತುಂಬಿದವರು ವೇಷ, ಮುಖವಾಡ ಎರಡನ್ನೂ ಹಾಕುವಂತಿಲ್ಲ. 13 ಮತ್ತು ಅದಕ್ಕಿಂತ ಚಿಕ್ಕವರು ಹಾಕಬಹುದು. ಮುಖವಾಡ ಇದ್ದರೆ ಅದು ಇಡೀ ಮುಖ ಮುಚ್ಚಬಾರದು, ಕಣ್ಣು ಕಾಣಬೇಕು.

ಈ ಗೆರೆ ಬಿಗಿಯಾದದ್ದು 2015ರ ಡಿಸೆಂಬರಿನಲ್ಲಿ. ಗೇಟಿಗೆ ಮೆಟಲ್ ಡಿಟೆಕ್ಟರ್ ಬಂದದ್ದು, ಆಟಿಕೆ ಬಂದೂಕು ನಿಷೇಧವಾದದ್ದು, 14ರ ನಿಯಮ ಎಲ್ಲವೂ ಒಂದೇ ಪ್ರಕಟಣೆಯ ಭಾಗ. "ದೊಡ್ಡ ಮಕ್ಕಳಿಗೆ ವೇಷ ಚೆಂದ ಕಾಣುವುದಿಲ್ಲ" ಅನ್ನುವ ಮಾತಿಗೂ ಈ ನಿಯಮಕ್ಕೂ ಸಂಬಂಧವಿಲ್ಲ. ಮುಖ ಕಾಣಬೇಕು, ಬಟ್ಟೆಯೊಳಗೆ ಏನೂ ಅಡಗಿರಬಾರದು, ಪಾರ್ಕಿನ ಪಾತ್ರಧಾರಿ ಯಾರು, ಬಂದ ಅತಿಥಿ ಯಾರು ಅನ್ನುವುದು ಗೊತ್ತಾಗಬೇಕು. ಕಾರಣ ಇವು.

ಹ್ಯಾಲೋವೀನ್, ಅಂದರೆ ಅಕ್ಟೋಬರ್ ಕೊನೆಯ ವೇಷದ ಹಬ್ಬದ ರಾತ್ರಿಗಳು ಬೇರೆ. ವಾಲ್ಟ್ ಡಿಸ್ನಿ ವರ್ಲ್ಡಿನ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಬೇರೆ ಟಿಕೆಟ್ ಕೊಂಡು ಹೋಗುವ ಹ್ಯಾಲೋವೀನ್ ಪಾರ್ಟಿ 1995ರಲ್ಲಿ ಒಂದೇ ರಾತ್ರಿಯ ಕಾರ್ಯಕ್ರಮವಾಗಿ ಶುರುವಾಯಿತು. ಅಲ್ಲಿ ದೊಡ್ಡವರೂ ವೇಷ ಹಾಕಬಹುದು. ಆದರೆ 14 ತುಂಬಿದವರಿಗೆ ಯಾವ ಬಗೆಯ ಮುಖವಾಡವೂ ಇಲ್ಲ, ಇಡೀ ಮೈ ಸುತ್ತುವ ಪದರ ಪದರದ ಉಡುಪು ಬೇಡ ಎಂದೇ ಪಾರ್ಕಿನವರು ಹೇಳುತ್ತಾರೆ, ಹೆಗಲ ಬಟ್ಟೆ (ಕೇಪ್) ಸೊಂಟದಿಂದ ಕೆಳಗೆ ಇಳಿಯಬಾರದು. ಪಾರದರ್ಶಕ ರೆಕ್ಕೆ, ಸ್ಟಾರ್ ವಾರ್ಸ್ ಚಿತ್ರದ ಬೆಳಕಿನ ಕತ್ತಿಯಂಥ ಪ್ಲಾಸ್ಟಿಕ್ ಲೈಟ್‌ಸೇಬರ್, ಆಟಿಕೆ ಕತ್ತಿ, ನೆಟ್ ಬಟ್ಟೆಯ ಕುಳ್ಳ ಸ್ಕರ್ಟ್ ನಡೆಯುತ್ತದೆ. ಪಾತ್ರದ ಹಾಗೆ ವೇಷ ಹಾಕಿದ ಅತಿಥಿ ಬೇರೆ ಅತಿಥಿಗಳಿಗೆ ಆಟೋಗ್ರಾಫ್ ಹಾಕಬಾರದು, ಪಾತ್ರದಂತೆ ಫೋಟೋಗೆ ನಿಲ್ಲಬಾರದು ಎಂದೂ ಇದೆ.

ಟೋಕಿಯೊ ಡಿಸ್ನಿಯ ಲೆಕ್ಕ ಶಾಲೆಯದು. ಪ್ರಾಥಮಿಕ ಶಾಲೆಯ ಮಕ್ಕಳು ಮತ್ತು ಅವರಿಗಿಂತ ಚಿಕ್ಕವರು ವರ್ಷವಿಡೀ ವೇಷ ಹಾಕಬಹುದು. ಅದಕ್ಕಿಂತ ದೊಡ್ಡವರಿಗೆ ಪೂರ್ತಿ ವೇಷ ಹ್ಯಾಲೋವೀನ್ ಸಮಯದಲ್ಲಿ ಗೊತ್ತು ಮಾಡಿದ ದಿನಗಳಲ್ಲಿ ಮಾತ್ರ. ಅಲ್ಲಿನ ಶೌಚಾಲಯದಲ್ಲಿ ಬಟ್ಟೆ ಬದಲಿಸುವುದಕ್ಕೂ ಅವಕಾಶವಿಲ್ಲ, ನೆನಪಿಡಿ.

ಎಳೆಬಿಸಿಲು

ಅದೇ ಫ್ಲಾರಿಡಾದ ಯೂನಿವರ್ಸಲ್ ಒರ್ಲ್ಯಾಂಡೊ ಪಾರ್ಕುಗಳ ಉದಾಹರಣೆಯನ್ನೂ ಸೇರಿಸಬೇಕು, ಏಕೆಂದರೆ ಅಲ್ಲಿ ಲೆಕ್ಕವೇ ತಿರುಗುಮುರುಗು. ಹ್ಯಾಲೋವೀನ್ ಹಾರರ್ ನೈಟ್ಸ್‌ಗೆ ಯಾವ ವಯಸ್ಸಿನವರೂ ವೇಷ, ಮುಖವಾಡ ಹಾಕಿಕೊಂಡು ಬರುವಂತಿಲ್ಲ. ಕತ್ತಲಲ್ಲಿ ಹೆದರಿಸಲು ನಿಂತ ಕಲಾವಿದರ ನಡುವೆ ವೇಷದ ಅತಿಥಿ ಸೇರಿಕೊಂಡರೆ ಯಾರನ್ನು ಯಾರು ತಳ್ಳಿದರು ಎಂದೇ ತಿಳಿಯುವುದಿಲ್ಲ. ಅದರ ಪಕ್ಕದಲ್ಲೇ ಇರುವ ಅವರ ಇನ್ನೊಂದು ಪಾರ್ಕಿನಲ್ಲಿ ಮಾಮೂಲಿ ಹಗಲು ಹೊತ್ತು, 2010ರಲ್ಲಿ ತೆರೆದ ಹ್ಯಾರಿ ಪಾಟರ್ ಕಥೆಯ ಮಾಂತ್ರಿಕ ಶಾಲೆಯ ವಿಭಾಗದಲ್ಲಿ ಹದಿಹರೆಯದವರು, ದೊಡ್ಡವರು ಎಲ್ಲ ನಿಲುವಂಗಿ ತೊಟ್ಟು ತಿರುಗುತ್ತಾರೆ. ಅಂಗಡಿಯೂ ಅಲ್ಲೇ ಇದೆ, ಮಂತ್ರದಂಡವೂ ಅಲ್ಲೇ ಸಿಗುತ್ತದೆ.

ಹಾಗಾಗಿ "ಹದಿನಾಲ್ಕಾಯಿತು, ವೇಷ ಸಾಕು" ಅನ್ನುವುದು ಎಲ್ಲ ಕಡೆಯ ಮಾತಲ್ಲ. ಯಾವ ಪಾರ್ಕು, ಯಾವ ದಿನ, ಯಾವ ಹೊತ್ತು ಅನ್ನುವುದನ್ನು ಮೊದಲು ಕೇಳಿಕೊಳ್ಳಿ.

ಹಿರಿಯಗಣ್ಣು

ನನ್ನದು ಇಲ್ಲಿ ಬೇರೆ ಅಭಿಪ್ರಾಯ, ನೇರವಾಗಿ ಹೇಳುತ್ತೇನೆ. 15ರ ಹುಡುಗಿ ಪೂರ್ತಿ ರಾಜಕುಮಾರಿಯ ಗೌನು, ವಿಗ್, ಕೈಗವಸು ಹಾಕಿಕೊಂಡು ನಿಂತರೆ ನಾಲ್ಕು ವರ್ಷದ ಮಗುವಿಗೆ ಅವಳು ರಾಜಕುಮಾರಿಯೇ. ಮಗು ಓಡಿ ಬಂದು ತಬ್ಬಿಕೊಳ್ಳುತ್ತದೆ, ಆಟೋಗ್ರಾಫ್ ಪುಸ್ತಕ ಚಾಚುತ್ತದೆ. ತರಬೇತಿ ಪಡೆದ ಪಾತ್ರಧಾರಿಗೆ ಜೊತೆಗೊಬ್ಬ ಸಹಾಯಕ ಇರುತ್ತಾರೆ. ಸಾಲು ನಿಲ್ಲಿಸುವವರು, ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡುವುದನ್ನು ಹೇಳಿಕೊಡುವವರು ಇರುತ್ತಾರೆ. 15ರ ಹುಡುಗಿಯ ಹತ್ತಿರ ಅದೊಂದೂ ಇಲ್ಲ. ಅಪರಿಚಿತರ ಮಗುವನ್ನು ಅವಳು ಹೇಗೆ ಸಂಭಾಳಿಸಬೇಕು? ಆ ಮಗುವಿನ ಅಪ್ಪ ಅಮ್ಮ ಏನು ತಿಳಿದುಕೊಳ್ಳಬೇಕು? ಈ ಕಾರಣಕ್ಕೆ 14ರ ಗೆರೆ ಸರಿ ಅಂತಲೇ ನನ್ನ ತೀರ್ಮಾನ.

ಎಳೆಬಿಸಿಲು

ಹಿರಿಯಗಣ್ಣು ಅವರೇ, ನೀವು ಹೇಳಿದ ತೊಂದರೆ ನಿಜ. ಆದರೆ ಆ ತೊಂದರೆ ಬರುವುದು ಹೋಲಿಕೆಯಿಂದ, ವಯಸ್ಸಿನಿಂದ ಅಲ್ಲ. 15ರ ಹುಡುಗ ಅಣಬೆಯ ಟೋಪಿ, ಜೀರುಂಡೆಯ ಕೋಟು, ಮನೆಯಲ್ಲೇ ಕಟ್ಟಿದ ಯಾವುದೋ ಪ್ರಾಣಿಯ ಕಿವಿ ಹಾಕಿಕೊಂಡರೆ ಯಾವ ಮಗುವೂ ಅವನನ್ನು ಪಾರ್ಕಿನ ಸಿಬ್ಬಂದಿ ಅಂದುಕೊಳ್ಳುವುದಿಲ್ಲ. ಪಾರ್ಕಿನ ಪಾತ್ರದ ಪಡಿಯಚ್ಚು ಬೇಡ ಎಂದರೆ ಅರ್ಧ ಜಗಳ ಮುಗಿಯಿತು. ಆದರೂ ನಿಯಮವನ್ನು ಗೇಟಿನಲ್ಲಿ ನಿಂತು ವಾದಿಸಬಾರದು, ಅದನ್ನು ಒಪ್ಪುತ್ತೇನೆ. ಅಲ್ಲಿ ನಿಂತವರು ನಿಯಮ ಬರೆದವರಲ್ಲ.

ಮೂರುಬಣ್ಣ

ಇದಕ್ಕೆ ಅಂತಲೇ ಒಂದು ದಾರಿ ಹುಟ್ಟಿಕೊಂಡಿದೆ, ಡಿಸ್ನಿಬೌಂಡಿಂಗ್. ಲೆಸ್ಲಿ ಕೇ ಅನ್ನುವವರು 2011ರಲ್ಲಿ ತಮ್ಮ ಬ್ಲಾಗಿನಲ್ಲಿ ಶುರು ಮಾಡಿದ್ದು. ದಿನಾ ಹಾಕುವ ಬಟ್ಟೆಯಲ್ಲೇ ಪಾತ್ರದ ಬಣ್ಣ, ಆಕಾರ ಹೊಳೆಯುವಂತೆ ಉಡುವುದು. ಇದು ವೇಷವಲ್ಲ, ಆದ್ದರಿಂದ 14 ದಾಟಿದವರಿಗೂ ತಡೆಯಿಲ್ಲ.

ಮಾಡುವ ಕ್ರಮ ಹೀಗೆ. ಪಾತ್ರವನ್ನು ಕಣ್ಣು ಕಿರಿದು ಮಾಡಿ ನೋಡಿ. ವಿವರ ಮಾಯವಾಗಿ ಉಳಿಯುವ ಬಣ್ಣ ಎಷ್ಟು, ಯಾವುದು ಎಲ್ಲಿ ಎಂದು ಬರೆದುಕೊಳ್ಳಿ. ಮಿಕ್ಕಿ ಮೌಸ್ ತೆಗೆದುಕೊಂಡರೆ ಮೇಲೆ ಕಪ್ಪು, ಸೊಂಟಕ್ಕೆ ಕೆಂಪು, ಪಾದಕ್ಕೆ ಹಳದಿ. ಕಪ್ಪು ಟಿ-ಶರ್ಟ್, ಕೆಂಪು ಚಡ್ಡಿ, ಹಳದಿ ಬೂಟು ಹಾಕಿದರೆ ಮುಗಿಯಿತು. ಚಡ್ಡಿಯ ಮುಂದೆ ಎರಡು ದೊಡ್ಡ ಬಿಳಿ ಗುಂಡಿ ಹೊಲಿದರೆ ಗುರುತು ಖಚಿತ.

ಇದು ಕೆಡುವುದು ಎರಡು ಕಡೆ. ಒಂದು, ಬಣ್ಣದ ಪ್ರಮಾಣ. ಹಳದಿ ಪಾದದಲ್ಲಿ ಇರಬೇಕಾದದ್ದು ಟಿ-ಶರ್ಟಿಗೆ ಹೋದರೆ ಯಾರಿಗೂ ಗುರುತು ಸಿಗುವುದಿಲ್ಲ. ಎರಡು, ಆಸೆ ಹೆಚ್ಚಾಗಿ ಕಿವಿ, ಕೈಗವಸು, ಬಾಲ, ಬಣ್ಣದ ಮೂಗು ಒಂದೊಂದಾಗಿ ಸೇರಿಸುವುದು. ಕಿವಿಯ ಹೆಡ್‌ಬ್ಯಾಂಡ್ ಒಂದೇ ಇದ್ದರೆ ಅಂದದ ಉಡುಗೆ, ನಾಲ್ಕೂ ಸೇರಿದರೆ ವೇಷ. ಪಾತ್ರದ್ದು ಎಂದು ನೇರವಾಗಿ ಗೊತ್ತಾಗುವ ವಸ್ತು ಒಂದಿರಲಿ, ಮಿಕ್ಕದ್ದು ಬೀದಿಯಲ್ಲಿ ಹಾಕಿಕೊಂಡು ಓಡಾಡುವ ಬಟ್ಟೆಯೇ ಆಗಿರಲಿ. ಹದಿಹರೆಯದವರಿಗೆ ಇದು ಹೆಚ್ಚು ಒಪ್ಪುತ್ತದೆ, ಏಕೆಂದರೆ ಯೋಚಿಸುವ ಕೆಲಸ ಅವರದೇ. ತಂದುಕೊಟ್ಟ ಪ್ಯಾಕೆಟ್ ಒಡೆದು ಹಾಕುವುದಲ್ಲ.

ನಿಯಮಪುಸ್ತಕ

ಇಲ್ಲೊಂದು ಸಂದಿ ಇದೆ, ಹೇಳಿಬಿಡುತ್ತೇನೆ. ಡಿಸ್ನಿಯ ಅಮೆರಿಕದ ಪಾರ್ಕುಗಳಲ್ಲಿ ಮಕ್ಕಳಿಗೆ ತಲೆ ಬಾಚಿ, ಗೌನು ತೊಡಿಸಿ ಕಳಿಸುವ ಬಿಬ್ಬಿಡಿ ಬಾಬ್ಬಿಡಿ ಬೂಟೀಕ್ ಇದೆಯಲ್ಲ, ಅದು 3ರಿಂದ 12 ವರ್ಷದವರಿಗೆ. ವೇಷಕ್ಕೆ ತಡೆ 14ಕ್ಕೆ. ಹಾಗಾದರೆ 13ರ ಮಗು ವೇಷ ಹಾಕಬಹುದು, ಆದರೆ ಬೂಟೀಕಿನಲ್ಲಿ ಅಲ್ಲ, ಮನೆಯಿಂದಲೇ ತಯಾರಾಗಿ ಬರಬೇಕು. ಇದು ಗೊತ್ತಿಲ್ಲದೆ ಆಸೆ ಹುಟ್ಟಿಸಿ ಕರೆದುಕೊಂಡು ಹೋದರೆ ಬಾಗಿಲಲ್ಲಿ ಅಳು ಗ್ಯಾರಂಟಿ.

ಇನ್ನು ಎತ್ತರದ ಮಕ್ಕಳು. 12ಕ್ಕೇ ಐದೂವರೆ ಅಡಿ ಬೆಳೆದವರು ಇರುತ್ತಾರೆ, ಗೇಟಿನವರು ನೋಡುವುದು ಎತ್ತರ. ವಯಸ್ಸಿನ ದಾಖಲೆಯ ಪ್ರತಿ ಅಥವಾ ಫೋಟೋ ಫೋನಿನಲ್ಲಿ ಇರಲಿ, ಅದನ್ನು ತೋರಿಸುವುದು ದೊಡ್ಡವರ ಕೆಲಸ. ಮಗುವಿನ ಎದುರಿಗೇ "ಇವಳು ನೋಡಲು ಮಾತ್ರ ದೊಡ್ಡವಳು" ಅಂತ ಸಮಜಾಯಿಷಿ ಕೊಡುತ್ತಾ ನಿಲ್ಲಬೇಡಿ.

ಲ್ಯಾಪ್‌ಬಾರ್

ಗೇಟು ದಾಟಿದ ಮೇಲಿನ ನಿಜವಾದ ಪರೀಕ್ಷೆ ರೈಡಿನ ಸೀಟು. ಇಲ್ಲಿ ವಯಸ್ಸು ಲೆಕ್ಕಕ್ಕಿಲ್ಲ, ಬಟ್ಟೆಯ ದಪ್ಪ ಲೆಕ್ಕಕ್ಕೆ ಬರುತ್ತದೆ. ಹದಿಹರೆಯದವರಿಗೆ ಇದು ಹೆಚ್ಚು ಮುಖ್ಯ, ಏಕೆಂದರೆ ಎತ್ತರ ಸಾಲದ ಚಿಕ್ಕವರನ್ನು ಬಿಡದ ವೇಗದ ರೈಡುಗಳನ್ನೆಲ್ಲ ಹತ್ತುವವರು ಅವರೇ.

ಲ್ಯಾಪ್ ಬಾರ್, ಅಂದರೆ ಕೂತವರನ್ನು ಸೀಟಿಗೆ ಹಿಡಿದಿಡುವ ಅಡ್ಡ ಸರಳು, ತೊಡೆಯ ಮೇಲ್ಭಾಗಕ್ಕೆ, ಹೊಟ್ಟೆಯ ಬುಡಕ್ಕೆ ತಾಗಿ ಕೂರಬೇಕು. ಸೊಂಟದ ಮುಂದೆ ಚೀಲ, ದಪ್ಪ ಬಕಲ್, ಫೋಮ್ ತಟ್ಟೆ ಇದ್ದರೆ ಬಾರ್ ಮೊದಲು ಅದಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಲಾಕ್ ಆದ ಶಬ್ದ ಬರುತ್ತದೆ, ಆದರೆ ಮೈಗೂ ಬಾರಿಗೂ ನಡುವೆ ಸಂದು ಉಳಿದಿರುತ್ತದೆ. ರೈಡ್ ಓಡುವಾಗ ಫೋಮ್ ಅಮುಕಿ ಹೋದರೆ ಆ ಸಂದು ಇನ್ನೂ ದೊಡ್ಡದಾಗುತ್ತದೆ. ಹೆಗಲ ಮೇಲಿಂದ ಇಳಿಯುವ ಬಾರಿಗೂ ಹೀಗೇ, ಭುಜದ ಕವಚ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಆಪರೇಟರ್ ಒತ್ತಿ ನೋಡಿ "ತೆಗೆದು ಬನ್ನಿ" ಅಂದರೆ ಅದು ಹಟವಲ್ಲ.

ಬೆನ್ನ ಹಿಂದಿನದ್ದನ್ನು ಜನ ಮರೆಯುತ್ತಾರೆ. ಹತ್ತಿ ತುಂಬಿದ ಬಾಲ, ತಂತಿಯ ರೆಕ್ಕೆ, ಬೆನ್ನಿಗೆ ಕಟ್ಟಿದ ಚಿಪ್ಪು, ಇವು ಕೂತವರನ್ನು ಸೀಟಿನಿಂದ ನಾಲ್ಕು ಬೆರಳು ಮುಂದೆ ತಳ್ಳುತ್ತವೆ. ಬೆನ್ನು ಸೀಟಿಗೆ ಒರಗದಿದ್ದರೆ ತಿರುವಿನಲ್ಲಿ ತಲೆ ಹಿಂದಕ್ಕೆ ಬಡಿಯುತ್ತದೆ. ಬಾಲ, ರೆಕ್ಕೆ ಎರಡನ್ನೂ ಬಿಚ್ಚಿ ಇಡುವ ಹಾಗೆ ಮಾಡಿ. ತಂತಿಯ ತುದಿ ಎಲ್ಲಿದ್ದರೂ ಮಡಚಿ ಬಟ್ಟೆಯ ಪಟ್ಟಿ ಸುತ್ತಿ ಹೊಲಿಯಿರಿ. ಟೇಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ನಿಲ್ಲದೆ ಚಲಿಸುವ ವಾಹನಗಳ ರೈಡುಗಳೂ ಇವೆ. 1969ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ ಈ ಬಗೆಯದು. ಓಡುವ ಪಟ್ಟಿಯ ಮೇಲೆ ಹೆಜ್ಜೆ ಇಟ್ಟು ಹತ್ತಬೇಕು. ನೆಲ ಗುಡಿಸುವ ಲಂಗಕ್ಕೆ ಅದಕ್ಕಿಂತ ಅಪಾಯದ ಜಾಗ ಬೇರೆ ಇಲ್ಲ.

ಸೂಜಿದಾರ

ಲ್ಯಾಪ್‌ಬಾರ್ ಅವರು ಹೇಳಿದ್ದಕ್ಕೆ ಹೊಲಿಗೆಯ ಕಡೆಯಿಂದ ಉತ್ತರ.

ಹೆಗಲ ಬಟ್ಟೆಯನ್ನು ಕುತ್ತಿಗೆಗೆ ಕಟ್ಟುವ ದಾರವೇ ಬೇಡ. ಮಕ್ಕಳ ಉಡುಪಿನ ದಾರಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 14682, 7 ವರ್ಷದೊಳಗಿನವರ ಉಡುಪಿನಲ್ಲಿ ಕುತ್ತಿಗೆ ಮತ್ತು ತಲೆಗವಸಿನ ಹತ್ತಿರ ಎಳೆದು ಕಟ್ಟುವ ದಾರವನ್ನು ಒಪ್ಪುವುದೇ ಇಲ್ಲ. ಅದು ಆಟದ ಜಾರುಬಂಡೆ, ಬಾಗಿಲ ಸಂದುಗಳನ್ನು ನೆನೆದು ಮಾಡಿದ್ದು. ವೇಗದ ರೈಡಿನಲ್ಲಿ ಕೂರುವ 15ರವರಿಗೂ ಅದೇ ಎಚ್ಚರಿಕೆ ಬೇಕು.

ಬದಲಿಗೆ ಎರಡು ಭುಜಕ್ಕೆ ಬೇರೆ ಬೇರೆ ಹಿಡಿತ ಕೊಡಿ, ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ವೆಲ್ಕ್ರೋ ಬಳಸುವವರು ಮಾಡುವ ತಪ್ಪು ಏನೆಂದರೆ ಭುಜದ ನೆತ್ತಿಯ ಮೇಲೆ ಐದಾರು ಸೆಂಟಿಮೀಟರ್ ಪಟ್ಟಿ ಹೊಲಿಯುವುದು. ವೆಲ್ಕ್ರೋ ಉದ್ದಕ್ಕೆ ಜಗ್ಗಿದರೆ ಬಿಡುವುದಿಲ್ಲ, ಅಂಚಿನಿಂದ ಸಿಪ್ಪೆಯಂತೆ ಸುಲಿದರೆ ಮಾತ್ರ ಸಲೀಸಾಗಿ ಬಿಡುತ್ತದೆ. ಭುಜದ ನೆತ್ತಿಯ ಮೇಲಿದ್ದರೆ ಹಿಂದಿನ ಎಳೆತ ಉದ್ದಕ್ಕೇ ಬೀಳುತ್ತದೆ, ಕುತ್ತಿಗೆಯ ಬಟ್ಟೆ ಹಿಂದೆ ಸರಿದು ಗಂಟಲು ಒತ್ತುತ್ತದೆ. ಅದನ್ನು ಬೆನ್ನ ಕಡೆ, ಹೆಗಲ ಮೂಳೆಯ ಮೇಲೆ ಇಡಿ. 2 ಸೆಂಟಿಮೀಟರ್ ಚೌಕ ಸಾಕು. ಹಿಂದಕ್ಕೆ ಎಳೆದಾಗ ಅದು ಸುಲಿದುಕೊಂಡು ಬರುತ್ತದೆ. ವೆಲ್ಕ್ರೋ ಬೇಡ ಎಂದರೆ ಭುಜಕ್ಕೊಂದು ಟಿಚ್ ಬಟನ್ ಹಾಕಿ, ಎರಡು ಬೇಡ. ಹಾಕಿಕೊಂಡವರ ಹಿಂದೆ ನಿಂತು ಒಂದೇ ಕೈಯಲ್ಲಿ ಎಳೆಯಿರಿ. ಅವರು ಒಂದು ಹೆಜ್ಜೆ ಹಿಂದೆ ಬರುವ ಮೊದಲೇ ಬಟ್ಟೆ ನಿಮ್ಮ ಕೈಗೆ ಬರಬೇಕು.

ಲಂಗದ ಅಂಚು ನೆಲದಿಂದ 8-10 ಸೆಂಟಿಮೀಟರ್ ಮೇಲಿರಲಿ. ಅಳತೆ ತೆಗೆಯುವಾಗ ಆ ದಿನ ಹಾಕುವ ಬೂಟನ್ನೇ ಹಾಕಿಸಿ ನಿಲ್ಲಿಸಿ. ಬರಿಗಾಲಲ್ಲಿ ಅಳೆದು ಹೊಲಿದ ಲಂಗ ಬೂಟು ಹಾಕಿದಾಗ ಗಿಡ್ಡವಾಗುತ್ತದೆ, ಎತ್ತರದ ಹಿಮ್ಮಡಿಗೆ ಅಳೆದದ್ದು ಚಪ್ಪಟೆ ಬೂಟಿಗೆ ನೆಲ ಗುಡಿಸುತ್ತದೆ. ಲಂಗ ಉಬ್ಬಲು ಬಳೆಯ ಚೌಕಟ್ಟು ಬೇಡವೇ ಬೇಡ. ಕೂತ ತಕ್ಷಣ ಮುಂಭಾಗ ಮುಖದ ತನಕ ಎದ್ದು ನಿಲ್ಲುತ್ತದೆ. ಗಟ್ಟಿ ನೆಟ್ ಬಟ್ಟೆ ಮೂರು ಪದರ, ಒಳಗೆ ತೆಳು ಕಾಟನ್ ಲೈನಿಂಗ್ ಇಟ್ಟರೆ ಉಬ್ಬೂ ಇರುತ್ತದೆ, ಕಾಲಿಗೆ ಚುಚ್ಚುವುದೂ ಇಲ್ಲ.

ಅಳತೆಯ ಮಾತು ಬಂದದ್ದರಿಂದ ಇನ್ನೊಂದು. ಹದಿಹರೆಯದವರು ಎರಡು ಅಳತೆಗಳ ನಡುವೆ ಸಿಕ್ಕಿಕೊಂಡವರು. ಮಕ್ಕಳ ಸಿದ್ಧ ವೇಷ ಭುಜ, ತೋಳಿಗೆ ಬಿಗಿ. ದೊಡ್ಡವರ ಸಿದ್ಧ ವೇಷ ತೆಗೆದುಕೊಂಡರೆ ಎದೆ ಇಳಿಬಿದ್ದು, ಲಂಗ ಗಿಡ್ಡವಾಗಿ, 14-15ರ ಹುಡುಗಿಗೆ ಹಾಕಿಸುವಂತಿರುವುದಿಲ್ಲ. ಅವಳಿಗೇ ಇಡೀ ದಿನ ಬಟ್ಟೆ ಸರಿಪಡಿಸಿಕೊಳ್ಳುವುದೇ ಕೆಲಸವಾಗುತ್ತದೆ. ಸರಿಯಾದ ಅಳತೆಯ ಸಾದಾ ಫ್ರಾಕು ಅಥವಾ ಶರ್ಟು ತಂದು ಅದರ ಮೇಲೆ ಪಟ್ಟಿ, ಕಾಲರು, ಬಣ್ಣದ ತುಂಡು ಹೊಲಿಯುವುದೇ ಲೇಸು.

ಬೆವರುಸಾಲೆ

ಸೆಕೆಯನ್ನು ಯಾರೂ ಎತ್ತಲಿಲ್ಲ. ಸಿದ್ಧ ವೇಷಗಳಲ್ಲಿ ಬಹುಪಾಲು ಪಾಲಿಯೆಸ್ಟರ್. ಕಾಟನ್ ತನ್ನ ತೂಕದ ಶೇ. 7-8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಹಾಗಾಗಿ ಪಾಲಿಯೆಸ್ಟರಿನೊಳಗೆ ಬೆವರು ಬಟ್ಟೆಗೆ ಹೋಗದೆ ಮೈಮೇಲೇ ಹರಿಯುತ್ತದೆ. ತೋಳಿನ ಸಂದು, ತೊಡೆಯ ಸಂದು ಉಜ್ಜಿ ಕೆಂಪಾಗುವುದು ಅದಕ್ಕೇ. ಒಳಗೆ ಬಿಗಿಯಾದ ಕಾಟನ್ ಬನಿಯನ್, ಮೊಣಕಾಲ ಮೇಲಿನ ತನಕದ ಸೈಕ್ಲಿಂಗ್ ಶಾರ್ಟ್ಸ್ ಇರಲಿ. ಕಪ್ಪು ಶಾರ್ಟ್ಸ್ ಆದರೆ ಮುಟ್ಟಿನ ದಿನಗಳಲ್ಲಿ ಹುಡುಗಿಗೆ ಚಿಂತೆ ಇರುವುದಿಲ್ಲ, ರೈಡಿನಲ್ಲಿ ಲಂಗ ಹಾರಿದರೂ ಚಿಂತೆಯಿಲ್ಲ.

ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡಿನ ಉಡುಪು ಹೊಲಿಸಬೇಡಿ. ಬೆನ್ನಿನ ಝಿಪ್ ತೆಗೆಯಲು ಪ್ರತಿ ಸಲ ಇನ್ನೊಬ್ಬರು ಬೇಕು, 15ರವರು ಶೌಚಾಲಯಕ್ಕೆ ಅಮ್ಮನನ್ನು ಕರೆಯುವುದಿಲ್ಲ, ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಬಿಸಿಲಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಮೇಲಿನದು ಬೇರೆ, ಕೆಳಗಿನದು ಬೇರೆ ಮಾಡಿ. ಸೇರುವ ಗೆರೆ ಬೆಲ್ಟಿನ ಕೆಳಗೆ ಮುಚ್ಚಿಹೋಗುತ್ತದೆ.

ಮುಖದ ಬಣ್ಣ ನೀರಿನಲ್ಲಿ ಕರಗುವಂಥದ್ದೇ ಆಗಲಿ, ಮೈಗೆಂದೇ ಮಾಡಿದ್ದಾಗಲಿ. ಚಿತ್ರ ಬರೆಯುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆಯಾಗುತ್ತದೆ, ಕೀಳುವಾಗ ಚರ್ಮ ಕಿತ್ತು ಬರುತ್ತದೆ. ಹಿಂದಿನ ದಿನ ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ 24 ಗಂಟೆ ನೋಡಿ. ಸನ್‌ಸ್ಕ್ರೀನ್ ಮೊದಲು, ಅದು ಹೀರಿಕೊಳ್ಳಲು 15-20 ನಿಮಿಷ ಬಿಟ್ಟು ಆಮೇಲೆ ಬಣ್ಣ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬಣ್ಣದ ಮೇಲೆ ಅದು ಸಾಧ್ಯವಿಲ್ಲ. ಹಾಗಾಗಿ ಇಡೀ ಮುಖ ಬಳಿಯದೆ ಒಂದು ಕೆನ್ನೆಗೋ ಹಣೆಯ ಅಂಚಿಗೋ ಚಿತ್ರ ಬಿಡಿಸಿ. ಇಡೀ ಮುಖ ಬಳಿದರೆ ಗುರುತು ಸಿಗದೆ ಗೇಟಿನಲ್ಲೂ ತೊಂದರೆ.

ಫೋಮ್‌ಕತ್ತರಿ

ಕವಚ ಮಾಡುವ ಹುಡುಗರಿಗಾಗಿ ನಾಲ್ಕು ಸಾಲು. ಇದು ಹ್ಯಾಲೋವೀನ್ ರಾತ್ರಿಗೋ, ವೇಷಕ್ಕೆ ತಡೆಯಿಲ್ಲದ ಪಾರ್ಕಿಗೋ ಮಾತ್ರ. ಎದೆ, ಬೆನ್ನಿಗೆ 5 ಮಿಲಿಮೀಟರಿನ ಇವಿಎ ಫೋಮ್ (ರಬ್ಬರಿನಂತೆ ಬಾಗುವ ಹಗುರ ಹಾಳೆ) ಸಾಕು, 10 ಮಿಲಿಮೀಟರ್ ಹಾಕಿದರೆ ತೋಳು ಕೆಳಗಿಳಿಯುವುದಿಲ್ಲ. ಜೋಡಣೆಗೆ ಗ್ಲೂ ಗನ್ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಅಂಟು ಮೆತ್ತಗಾಗಿ ಕೀಲುಗಳೆಲ್ಲ ಬಾಯಿ ಬಿಡುತ್ತವೆ. ಚಪ್ಪಲಿಯ ಅಟ್ಟೆ ಅಂಟಿಸಲು ಬಳಸುವ ಸೊಲ್ಯೂಷನ್ ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿಯಿರುವಾಗಲೇ ಒತ್ತುವುದರಿಂದಲೇ ಮುಕ್ಕಾಲು ಕವಚ ಬಿಚ್ಚಿಕೊಳ್ಳುವುದು. ಈ ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ, ಹತ್ತಿರದಲ್ಲಿ ಬೆಂಕಿ ಇಲ್ಲದ ಕಡೆ.

ಎದೆ ಮತ್ತು ಬೆನ್ನಿನ ತುಂಡು ಪಕ್ಕದಲ್ಲಿ ಬಕಲ್‌ನಿಂದ ಸೇರಲಿ, ಪ್ಲಾಸ್ಟಿಕ್ ಬಕಲ್. ಲೋಹದ್ದಾದರೆ ಡಿಟೆಕ್ಟರ್ ಕೂಗುತ್ತದೆ. ಕೈಯಲ್ಲಿ ಹಿಡಿಯುವ ಆಯುಧ ನಿಜದ್ದೆಂದು ಭ್ರಮೆ ಬರುವಂತೆ ಮಾಡಬೇಡಿ. ಚೂಪು ತುದಿ, ಬೆಳ್ಳಿ ಬಣ್ಣದ ಅಲಗು ಬೇಡ. ಬಂದೂಕಂತೂ ಯಾವ ರೂಪದಲ್ಲೂ ಬೇಡ.

ಲ್ಯಾಪ್‌ಬಾರ್

ಫೋಮ್‌ಕತ್ತರಿ ಅವರೇ, ಪಕ್ಕದ ಬಕಲ್ ಒಳ್ಳೆಯ ಮಾತು. ಅದನ್ನು ಹಾಕಿಕೊಂಡವರೇ ಬಿಚ್ಚಲು ಬರಬೇಕು, ಅಷ್ಟು ಸೇರಿಸಿ. ಸಾಲು ರೈಡಿನ ಬಾಗಿಲಿಗೆ ಬಂದ ಮೇಲೆ ಬಿಚ್ಚಲು ಶುರು ಮಾಡಿದರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಲಾಕರ್ ಇದ್ದರೆ ಸಾಮಾನ್ಯವಾಗಿ ಸಾಲಿನ ಆರಂಭದಲ್ಲಿರುತ್ತದೆ, ಕೊನೆಯಲ್ಲಲ್ಲ. ವಿಗ್ ಕೂಡ ತಲೆ ಕೆಳಗಾಗುವ ರೈಡಿಗೆ ಮೊದಲು ಲಾಕರಿಗೆ. ನಾಲ್ಕು ಪಿನ್ ಅಡ್ಡಡ್ಡ ಹಾಕಿದ ವಿಗ್ ನಡಿಗೆಗೆ, ಗಾಳಿಗೆ ತಡೆಯುತ್ತದೆ, ಸುತ್ತು ಹೊಡೆಯುವ ಕೋಸ್ಟರಿಗೆ ತಡೆಯುವುದಿಲ್ಲ.

ನೀರಾಟ

ನೀರಿನ ಜಾರುಗಾಲುವೆಗಳಿಗೆ ಒಂದೇ ಮಾತು. ಅಲ್ಲಿ ವೇಷವೇ ಬೇಡ. ಝಿಪ್, ಗುಂಡಿ, ಬಕಲ್ ಫೈಬರ್‌ಗ್ಲಾಸನ್ನು ಗೀರುತ್ತವೆ, ಮುಂದೆ ಜಾರುವವರ ಬೆನ್ನು ಆ ಗೀರಿಗೆ ತಾಗುತ್ತದೆ. ಎರಡೂ ಕಾಲು ಒಂದೇ ಚೀಲಕ್ಕೆ ಹಾಕುವ ಮತ್ಸ್ಯಕನ್ಯೆಯ ಬಾಲ ಹಾಕಿ ನೀರಿಗಿಳಿದರೆ ಈಜು ಬರುವವರೂ ಎದ್ದು ನಿಲ್ಲಲಾರರು. ಅದೇ ಆಸೆ ಇದ್ದರೆ ಮೀನಿನ ಹುರುಪೆಯ ಚಿತ್ತಾರವಿರುವ ಈಜುಡುಗೆ ಸಿಗುತ್ತದೆ.

ಮೃದುಅಂಚು

ಹದಿನಾಲ್ಕರ ಗೆರೆಯಿಂದ ಹೆಚ್ಚು ನೋವಾಗುವುದು ಯಾರಿಗೆ ಎಂದು ಕೇಳಿದರೆ ಆಟಿಸಂ ಇರುವ, ಬುದ್ಧಿ ಬೆಳವಣಿಗೆ ನಿಧಾನವಾದ ದೊಡ್ಡ ಮಕ್ಕಳಿಗೆ. 16ಕ್ಕೂ ಅವರಿಗೆ ಆ ಟೋಪಿ, ಆ ಹೆಗಲ ಬಟ್ಟೆ ಗದ್ದಲದ ನಡುವೆ ಧೈರ್ಯ ಕೊಡುವ ವಸ್ತು. ಹೋಗುವ ಮೊದಲೇ ಪಾರ್ಕಿನ ಅತಿಥಿ ಸೇವಾ ವಿಭಾಗಕ್ಕೆ ಬರೆದು ಕೇಳಿ. ಯಾವ ಉಡುಪು ಎಂದು ಫೋಟೋ ಸಮೇತ ಕಳಿಸಿ. ಬಂದ ಉತ್ತರ ಫೋನಿನಲ್ಲಿ ಇಟ್ಟುಕೊಳ್ಳಿ. ಒಪ್ಪದಿದ್ದರೆ ಬೇರೆ ಉಡುಪನ್ನು ರೂಢಿ ಮಾಡಿಸಲು ಕಾಲಾವಕಾಶ ಸಿಗುತ್ತದೆ. ಗೇಟಿನಲ್ಲಿ ಹಠಾತ್ತಾಗಿ ಬಿಚ್ಚಿಸುವುದು ಈ ಮಕ್ಕಳಿಗೆ ಇಡೀ ದಿನ ಹಾಳಾಗುವಷ್ಟು ದೊಡ್ಡ ಪೆಟ್ಟು.

ಹೊಸ ವೇಷವನ್ನು ಅದೇ ದಿನ ಮೊದಲ ಸಲ ಹಾಕಿಸಬೇಡಿ. ಎರಡು ಮೂರು ಸಲ ತೊಳೆದು ಮೆತ್ತಗೆ ಮಾಡಿ, ಲೇಬಲ್ ಕತ್ತರಿಸಿ ಉಳಿಯುವ ಮೊಂಡು ತುದಿಯನ್ನೂ ಹೊಲಿಗೆ ಬಿಚ್ಚಿ ತೆಗೆಯಿರಿ. ಮನೆಯಲ್ಲಿ ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ ಹಾಕಿಸಿ.

ಹಿರಿಯಗಣ್ಣು

ಮೃದುಅಂಚು ಅವರು ಹೇಳಿದ್ದನ್ನು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಗೆರೆ ಇರಲಿ, ಕೇಳಿದವರಿಗೆ ಬಾಗಿಲೂ ಇರಲಿ. ಆದರೆ ಪಾರ್ಕಿನ ಪಾತ್ರದ ಪಡಿಯಚ್ಚು ಬೇಡ ಅನ್ನುವುದರಲ್ಲಿ ಬದಲಾವಣೆ ಇಲ್ಲ. ಜೊತೆಗೆ ಒಂದು ಪ್ರಶ್ನೆ. ವೇಷದ ಹುಡುಗಿಯರ ಫೋಟೋ ಕೇಳದೆ ತೆಗೆಯುತ್ತಾರಲ್ಲ, ಅದಕ್ಕೇನು ಮಾಡುವುದು?

ಮೂರುಬಣ್ಣ

ಅದನ್ನು ಮನೆಯಲ್ಲೇ ಮಾತಾಡಿಕೊಂಡು ಹೊರಡಬೇಕು. ಯಾರಾದರೂ ಫೋಟೋ ಕೇಳಿದರೆ "ಬೇಡ" ಅಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ. ಒಪ್ಪಿದರೂ ಮೈಗೆ ಕೈ ಹಾಕಿ ನಿಲ್ಲುವಂತಿಲ್ಲ. ಹೆಗಲ ಮೇಲೂ ಬೇಡ. ಬೇಡವೆಂದರೂ ಬಿಡದೆ ಹಿಂದೆ ಬಂದರೆ ಹತ್ತಿರದ ಅಂಗಡಿಯ ಕೌಂಟರಿಗೆ ಹೋಗಿ ಸಿಬ್ಬಂದಿಗೆ ಹೇಳುವುದು. ಜನಜಂಗುಳಿಯಲ್ಲಿ ಸೆಕ್ಯುರಿಟಿಯವರನ್ನು ಹುಡುಕುವುದಕ್ಕಿಂತ ಅದು ಬೇಗ ಆಗುತ್ತದೆ. ಗುಂಪಿನವರಿಗೆ ಮಾತ್ರ ಗೊತ್ತಿರುವ ಒಂದು ಸನ್ನೆ ಇರಲಿ, ಕಿವಿ ಮುಟ್ಟಿಕೊಂಡರೆ "ಬಂದು ಕರೆದುಕೊಂಡು ಹೋಗು" ಎಂದರ್ಥ. ಚಿಕ್ಕ ಮಗು ಓಡಿ ಬಂದು "ನೀನು ನಿಜವಾದ ರಾಣಿನಾ?" ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದೂ ಮೊದಲೇ ಗೊತ್ತಿರಲಿ. "ಇಲ್ಲ ಪುಟ್ಟ, ನಿನ್ನ ಹಾಗೆ ನಾನೂ ನೋಡೋಕೆ ಬಂದಿದ್ದೀನಿ." ಮಗುವಿಗೆ ಬೇಸರವಾಗುವುದಿಲ್ಲ, ಸುಳ್ಳೂ ಆಗುವುದಿಲ್ಲ.

ಸೂಜಿದಾರ

ಕಾಲಿನ ಮಾತು ಬಾಕಿ ಇದೆ. ಪಾರ್ಕಿನಲ್ಲಿ ಒಂದು ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆಯುವುದು ಸಾಮಾನ್ಯ. ವೇಷದ ಬೂಟು ಹಾಕಿ ಅಷ್ಟು ನಡೆದರೆ ಮಧ್ಯಾಹ್ನಕ್ಕೇ ಹಿಮ್ಮಡಿಯಲ್ಲಿ ಗುಳ್ಳೆ. ಪಳಗಿದ ಓಟದ ಬೂಟನ್ನೇ ಹಾಕಿ, ಅದರ ಮೇಲೆ ಬಟ್ಟೆಯ ಕವರ್ ತೊಡಿಸಿ.

ಬೂಟು ಹಾಕಿದ ಕಾಲಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಪೂರ್ತಿ ಟೇಪ್ ಹಚ್ಚಿ. ಪೆನ್ನಿನಿಂದ ಮುಂದೊಂದು, ಹಿಂದೊಂದು ನೇರ ಗೆರೆ ಎಳೆದು, ಅಟ್ಟೆಯ ಅಂಚಿನ ಸುತ್ತ ಇನ್ನೊಂದು ಗೆರೆ. ಗೆರೆಯ ಮೇಲೆ ಕತ್ತರಿಸಿದರೆ ಎಡ ಬಲದ ಎರಡು ತುಂಡು ಸಿಗುತ್ತವೆ, ಅದೇ ಪ್ಯಾಟರ್ನ್. ನಾಲ್ಕೂ ಕಡೆ ಹಿಗ್ಗುವ ಬಟ್ಟೆಯಲ್ಲಿ 1 ಸೆಂಟಿಮೀಟರ್ ಹೊಲಿಗೆ ಜಾಗ ಬಿಟ್ಟು ಕತ್ತರಿಸಿ, ಹಿಗ್ಗುವ ಹೊಲಿಗೆಯಲ್ಲೇ ಜೋಡಿಸಿ. ನೇರ ಹೊಲಿಗೆ ಹಾಕಿದರೆ ಮೊದಲ ಸಲ ಕಾಲು ತೂರಿಸುವಾಗಲೇ ದಾರ ಕಿತ್ತುಹೋಗುತ್ತದೆ. ತಳ ಪೂರ್ತಿ ತೆರೆದಿರಲಿ. ಅಟ್ಟೆ ಮುಚ್ಚಿದರೆ ಒದ್ದೆ ನೆಲದಲ್ಲಿ ಜಾರುವುದು ಖಂಡಿತ. ಕವರ್ ಮೇಲೆ ಸರಿಯದಂತೆ ಪಾದದ ಕಮಾನಿನ ಟೊಳ್ಳಿಗೆ ಸರಿಯಾಗಿ 2.5 ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಪಟ್ಟಿ ಹೊಲಿಯಿರಿ. ಆ ಜಾಗ ನೆಲಕ್ಕೆ ತಾಗುವುದಿಲ್ಲ, ಪಟ್ಟಿ ಸವೆಯುವುದಿಲ್ಲ. ಬೆರಳ ಬುಡಕ್ಕೆ ಹಾಕಿದ ಪಟ್ಟಿ ಮಧ್ಯಾಹ್ನಕ್ಕೆ ಹರಿದಿರುತ್ತದೆ.

ಬಣ್ಣದಕೊಡೆ

ಎಲ್ಲರಿಗೂ ಧನ್ಯವಾದ. ಕೊನೆಯ ಒಂದು ಅನುಮಾನ. ಗೇಟಿನಲ್ಲಿ "ಇದು ಆಗುವುದಿಲ್ಲ" ಅಂದರೆ ತಕ್ಷಣ ಏನು ಮಾಡುವುದು?

ನಿಯಮಪುಸ್ತಕ

ಒಳಗೆ ಹಾಕಿದ ಬನಿಯನ್, ಶಾರ್ಟ್ಸ್ ಹೇಗೂ ಇರುತ್ತದಲ್ಲ, ಅದೇ ನಿಮ್ಮ ಮೊದಲ ಉತ್ತರ. ಬನಿಯನ್ ಬದಲು ಸಾದಾ ಬಣ್ಣದ ಟಿ-ಶರ್ಟೇ ಹಾಕಿಸಿ. ಆಗ ಮೇಲಿನ ವೇಷ ತೆಗೆದರೆ ಸಾಕು, ಬಟ್ಟೆ ಬದಲಿಸುವ ಕೋಣೆ ಹುಡುಕಬೇಕಾಗಿಲ್ಲ, ಎರಡು ನಿಮಿಷದ ಕೆಲಸ. ತೆಗೆದ ವೇಷಕ್ಕೆ ಮಡಚುವ ಖಾಲಿ ಚೀಲ ಒಂದು ಜೊತೆಗಿರಲಿ. ನೆಟ್ ಲಂಗ ಚೀಲಕ್ಕೆ ಹಿಡಿಸುವುದಿಲ್ಲ ಅನ್ನುವವರು ಅದನ್ನು ಉದ್ದಕ್ಕೆ ಮಡಚಿ, ಹಗ್ಗ ಹೊಸೆದ ಹಾಗೆ ತಿರುಚಿ ಸುತ್ತಿ, ಕೂದಲಿನ ರಬ್ಬರ್ ಬ್ಯಾಂಡ್ ಹಾಕಿ. ಒಂದು ಟಿ-ಶರ್ಟಿನಷ್ಟು ಜಾಗದಲ್ಲಿ ಕೂರುತ್ತದೆ.